ಕೀಮೋಥೆರಪಿಯ ದಿನಗಳಲ್ಲಿ ಪಥ್ಯಕ್ಕಿಂತ ಊಟ ಮುಖ್ಯ

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿದೆ. ಈಗ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್ ಹಾಕುತ್ತಾರೆ. ಜೊತೆಗೆ ಎರಡು ವಾರ ಮನೆಯಲ್ಲೇ ಕೆಪೆಸಿಟಬೀನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಐದು ತಿಂಗಳ ಹಿಂದೆ 56 ಕೆ.ಜಿ. ಇದ್ದವರು ಈಗ 51 ಕೆ.ಜಿ.ಗೆ ಇಳಿದಿದ್ದಾರೆ. ಏನು ತಿಂದರೂ ಕಬ್ಬಿಣದ ರುಚಿ ಎನ್ನುತ್ತಾರೆ. ಸಕ್ಕರೆ ಕ್ಯಾನ್ಸರನ್ನು ಬೆಳೆಸುತ್ತದೆ ಎಂದು ಬಂಧುಗಳು ಹೇಳಿದ್ದರಿಂದ ಸಿಹಿ, ಹಾಲು, ಮಾಂಸ ಎಲ್ಲವನ್ನೂ ನಿಲ್ಲಿಸಿದ್ದೇವೆ. ಬೆಳಿಗ್ಗೆ ಒಂದು ದೊಡ್ಡ ಲೋಟ ಸೊಪ್ಪಿನ ರಸ, ಮಲ್ಟಿವಿಟಮಿನ್ ಮಾತ್ರೆ ಮತ್ತು ಒಂದು ಗಿಡಮೂಲಿಕೆ ಕ್ಯಾಪ್ಸೂಲ್ ಕೊಡುತ್ತಿದ್ದೇವೆ. ಇದು ಸರಿಯೇ? ಅವರಿಗೆ ಏನು, ಎಷ್ಟು ಕೊಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ತೂಕ. 56ರಿಂದ 51ಕ್ಕೆ ಇಳಿದಿದ್ದಾರೆ ಎಂದರೆ ಐದು ತಿಂಗಳಲ್ಲಿ ಸುಮಾರು ಶೇ 9ರಷ್ಟು ತೂಕ ಹೋಗಿದೆ. ಕ್ಯಾನ್ಸರ್ ಇರುವವರಲ್ಲಿ ಆರು ತಿಂಗಳೊಳಗೆ ಶೇ 5ಕ್ಕಿಂತ ಹೆಚ್ಚು ತೂಕ ತಾನಾಗಿ ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ಪರಿಗಣಿಸುತ್ತಾರೆ. ಹೀಗಾಗಿ ಏನೇನು ಬಿಡಿಸಬೇಕು ಎಂಬ ಚರ್ಚೆಯನ್ನು ಸದ್ಯಕ್ಕೆ ಬದಿಗಿಟ್ಟು, ಏನನ್ನು ಸೇರಿಸಿದರೆ ಈ ಇಳಿಕೆ ನಿಲ್ಲುತ್ತದೆ ಎಂದು ಯೋಚಿಸುವುದು ಒಳ್ಳೆಯದು.

ಈ ಕಾಯಿಲೆಯಲ್ಲಿ ತೂಕ ಇಳಿಯುವ ರೀತಿಯೇ ಬೇರೆ. ಆರೋಗ್ಯವಂತರು ಊಟ ಕಡಿಮೆ ಮಾಡಿದಾಗ ದೇಹವು ಕೊಬ್ಬನ್ನು ಮೊದಲು ಕರಗಿಸಿ ಸ್ನಾಯುಗಳನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಲು ನೋಡುತ್ತದೆ. ಕ್ಯಾನ್ಸರ್, ದೊಡ್ಡ ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿ ಮೂರೂ ದೇಹದಲ್ಲಿ ಉರಿಯೂತವನ್ನು ಉಂಟುಮಾಡುತ್ತವೆ. ಆಗ ಹೊರಬರುವ ರಾಸಾಯನಿಕಗಳು ಹಸಿವನ್ನು ಕುಗ್ಗಿಸುವುದಲ್ಲದೆ ಸ್ನಾಯುಗಳ ಪ್ರೋಟೀನನ್ನೂ ಒಡೆಯತೊಡಗುತ್ತವೆ. ಸ್ನಾಯು ಕಳೆದುಕೊಂಡ ರೋಗಿಗೆ ಔಷಧದ ಅಡ್ಡಪರಿಣಾಮಗಳು ಹೆಚ್ಚು ತಟ್ಟುತ್ತವೆ, ಸೋಂಕು ಬೇಗ ಹಿಡಿಯುತ್ತದೆ, ಕೊನೆಗೆ ವೈದ್ಯರು ಡೋಸ್ ಇಳಿಸಬೇಕಾಗುತ್ತದೆ ಅಥವಾ ಮುಂದಿನ ಡ್ರಿಪ್ಪನ್ನು ಮುಂದೂಡಬೇಕಾಗುತ್ತದೆ. ಚಿಕಿತ್ಸೆಯ ಕಾಲದಲ್ಲಿ ಊಟಕ್ಕಿರುವ ಕೆಲಸ ಇಲ್ಲಿದೆ: ನಿಗದಿಯಾದ ಔಷಧವನ್ನು ನಿಗದಿಯಾದ ದಿನ, ನಿಗದಿಯಾದ ಪ್ರಮಾಣದಲ್ಲಿ ತಡೆದುಕೊಳ್ಳುವಷ್ಟು ಕಸುವನ್ನು ನಿಮ್ಮ ತಾಯಿಯವರಲ್ಲಿ ಉಳಿಸುವುದು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕೆಲಸ ಔಷಧದ್ದು. ಅದನ್ನು ತಟ್ಟೆಯ ಮೇಲೆ ಹೊರಿಸಿದಾಗಲೇ ನೀವು ವಿವರಿಸಿದಂಥ ಪಥ್ಯಗಳು ಹುಟ್ಟಿಕೊಳ್ಳುತ್ತವೆ.

ಸಕ್ಕರೆಯ ಮಾತು ಪೂರ್ತಿ ಗಾಳಿಯಿಂದ ಬಂದದ್ದಲ್ಲ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಅತಿಯಾಗಿ ಬಳಸುತ್ತವೆ ಎಂಬುದನ್ನು ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು, ಮತ್ತು ಗಡ್ಡೆಯನ್ನು ಪತ್ತೆಹಚ್ಚುವ ಇಂದಿನ ಪೆಟ್ ಸ್ಕ್ಯಾನ್ ಕೆಲಸ ಮಾಡುವುದು ಇದೇ ಗುಣವನ್ನು ಬಳಸಿಕೊಂಡು. ಆದರೆ ಅಲ್ಲಿಂದ ಸಕ್ಕರೆ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತದೆ ಎಂಬ ತೀರ್ಮಾನಕ್ಕೆ ಹಾರುವುದು ಸರಿಯಲ್ಲ. ಮಿದುಳು, ರಕ್ತಕಣ, ಸ್ನಾಯು ಎಲ್ಲಕ್ಕೂ ಗ್ಲೂಕೋಸ್ ಬೇಕು, ಆದ್ದರಿಂದ ರಕ್ತದಲ್ಲಿನ ಅದರ ಮಟ್ಟವನ್ನು ದೇಹ ಕೆಳಗೆ ಬೀಳಲು ಬಿಡುವುದಿಲ್ಲ. ಬಾಯಿಯ ಮೂಲಕ ಬಾರದಿದ್ದರೆ ಯಕೃತ್ತು ಅದನ್ನು ತಾನೇ ತಯಾರಿಸುತ್ತದೆ, ಮತ್ತು ಅದಕ್ಕೆ ಬೇಕಾದ ಕಚ್ಚಾವಸ್ತುವಿನ ದೊಡ್ಡ ಪಾಲು ಸ್ನಾಯು ಒಡೆದು ಬರುವ ಅಮೈನೊ ಆಮ್ಲಗಳಿಂದ ಒದಗುತ್ತದೆ. ಈಗಾಗಲೇ ಸೊರಗುತ್ತಿರುವವರಿಗೆ ಅನ್ನ, ಹಣ್ಣು, ಸಿಹಿ ಎಲ್ಲವನ್ನೂ ನಿಲ್ಲಿಸಿದರೆ ಅದರ ಬೆಲೆ ತೆರುವುದು ಗಡ್ಡೆಯಲ್ಲ, ತೊಡೆ ತೋಳುಗಳ ಸ್ನಾಯು.

ಹಾಗೆಂದು ಸಿಹಿತಿಂಡಿಯ ತಟ್ಟೆಯನ್ನೇ ಮುಂದಿಡಿ ಎನ್ನುತ್ತಿಲ್ಲ. ಸಕ್ಕರೆ ತುಂಬಿದ ತಂಪು ಪಾನೀಯಗಳು ಹೊಟ್ಟೆ ತುಂಬಿಸುತ್ತವೆಯೇ ಹೊರತು ಪ್ರೋಟೀನ್ ಕೊಡುವುದಿಲ್ಲ. ಒಂದು ಚಮಚ ಸಕ್ಕರೆ ಹಾಕಿದ್ದರಿಂದ ಅವರು ಒಂದು ಲೋಟ ಹಾಲನ್ನು ಪೂರ್ತಿ ಕುಡಿಯುತ್ತಾರೆ ಎಂದಾದರೆ ಅದು ಲಾಭವೇ. ನಿಮ್ಮ ತಾಯಿಯವರಿಗೆ ಮಧುಮೇಹವಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ವಾಂತಿ ತಡೆಯಲು ಡ್ರಿಪ್‌ನ ಜೊತೆ ಸಾಮಾನ್ಯವಾಗಿ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹಾಗಾಗಿ ಮಧುಮೇಹಿಗಳು ಆ ದಿನಗಳಲ್ಲಿ ತಪಾಸಣೆಯನ್ನು ಹೆಚ್ಚಿಸಿ ವೈದ್ಯರ ಸಲಹೆಯಂತೆ ನಡೆಯಬೇಕು.

ಮಾಂಸದ ವಿಷಯದಲ್ಲಿ ನಿಮ್ಮ ಬಂಧುಗಳು ಎರಡು ಬೇರೆ ಬೇರೆ ಸಂಗತಿಗಳನ್ನು ಬೆರೆಸಿಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ, ಕುರಿ, ದನ, ಹಂದಿಗಳ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು, ಮತ್ತು ಆ ಸಂಬಂಧ ಮುಖ್ಯವಾಗಿ ಕಂಡುಬಂದದ್ದು ಕರುಳಿನ ಕ್ಯಾನ್ಸರ್‌ನಲ್ಲೇ. ಅದು ನಿಜ, ಚಿಕಿತ್ಸೆ ಮುಗಿದ ಮೇಲೆ ಸಂಸ್ಕರಿಸಿದ ಮಾಂಸವನ್ನು ದೂರವಿಟ್ಟು, ಕೆಂಪು ಮಾಂಸವನ್ನು ಬೇಯಿಸಿದ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಅದು ವರ್ಷಾನುಗಟ್ಟಲೆ ತಿನ್ನುವುದರಿಂದ ಬರುವ ಅಪಾಯದ ಲೆಕ್ಕ. ಕೀಮೋಥೆರಪಿಯ ನಡುವೆ ತಿಂದ ಮೊಟ್ಟೆ, ಮೀನು, ಕೋಳಿಮಾಂಸ ಕ್ಯಾನ್ಸರನ್ನು ಬೆಳೆಸುತ್ತದೆ ಎನ್ನಲು ಅದರಲ್ಲಿ ಯಾವ ಆಧಾರವೂ ಇಲ್ಲ. ರೋಗ ಬಾರದಂತೆ ತಡೆಯುವ ಆಹಾರಕ್ಕೂ ಚಿಕಿತ್ಸೆಯನ್ನು ದಾಟಿಸುವ ಆಹಾರಕ್ಕೂ ನಡುವಿನ ಈ ಗೆರೆಯನ್ನು ಮರೆತ ಮನೆಗಳಲ್ಲೇ ರೋಗಿಗಳು ಹೆಚ್ಚು ಸೊರಗುವುದು. ಹಾಲಿನ ವಿಷಯ ಇನ್ನೂ ವಿಚಿತ್ರ: ಹಾಲಿನ ಪದಾರ್ಥಗಳು ಕರುಳಿನ ಕ್ಯಾನ್ಸರ್‌ನ ಅಪಾಯವನ್ನು ಬಹುಶಃ ತಗ್ಗಿಸುತ್ತವೆ ಎನ್ನುವ ಕಡೆಗೇ ಸಾಕ್ಷ್ಯಗಳು ವಾಲಿವೆ, ಮತ್ತು ನಿಮ್ಮ ಮನೆಯಲ್ಲಿ ಬಿಡಿಸಿರುವುದು ಅದನ್ನೇ.

ಈಗ ಎಷ್ಟು ಎಂಬ ಪ್ರಶ್ನೆಗೆ ಬರೋಣ. ಚಿಕಿತ್ಸೆಯಲ್ಲಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 25ರಿಂದ 30 ಕ್ಯಾಲೊರಿ, ಮತ್ತು 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಲೆಕ್ಕ ಹಾಕುತ್ತೇವೆ. 51 ಕೆ.ಜಿ. ತೂಕದ ನಿಮ್ಮ ತಾಯಿಯವರಿಗೆ ಅದು ಸುಮಾರು 1,300ರಿಂದ 1,500 ಕ್ಯಾಲೊರಿ, 60ರಿಂದ 75 ಗ್ರಾಂ ಪ್ರೋಟೀನ್ ಆಗುತ್ತದೆ. ಮೂತ್ರಪಿಂಡದ ತೊಂದರೆಯಿದ್ದರೆ ಈ ಪ್ರೋಟೀನ್ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿಗದಿಪಡಿಸಬೇಕು. ಪ್ರೋಟೀನ್‌ನ ಸಂಖ್ಯೆ ಕೇಳಲು ದೊಡ್ಡದೆನಿಸಿದರೂ ತಲುಪಲಾಗದ್ದಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲು ಅಥವಾ ಅಷ್ಟೇ ಮೊಸರಿನಲ್ಲಿ 6ರಿಂದ 7 ಗ್ರಾಂ, ಒಂದು ಬಟ್ಟಲು ಗಟ್ಟಿಯಾಗಿ ಬೇಯಿಸಿದ ಬೇಳೆಯಲ್ಲಿ 15 ಗ್ರಾಂಗೂ ಮೀರಿ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ಎರಡು ಮೊಟ್ಟೆ, ಮೂರು ಲೋಟದಷ್ಟು ಹಾಲು ಅಥವಾ ಮೊಸರು, ಒಂದು ಬಟ್ಟಲು ಬೇಳೆ ಮತ್ತು ಒಂದು ಹಿಡಿ ಬೀಜ ಸೇರಿದರೆ ಐವತ್ತು ಗ್ರಾಂ ದಾಟುತ್ತದೆ. ಧಾನ್ಯಗಳಿಂದ ಬರುವ ಪ್ರೋಟೀನ್ ಸೇರಿದಾಗ ಗುರಿ ಮುಟ್ಟಿದಂತೆಯೇ. ಮೀನು, ಮಾಂಸ ತಿನ್ನುವವರಿಗೆ ಇನ್ನೂ ಸುಲಭ, ಏಕೆಂದರೆ ಬೇಯಿಸಿದ 100 ಗ್ರಾಂ ಕೋಳಿಮಾಂಸದಲ್ಲೇ 25 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇರುತ್ತದೆ. ಮೊಟ್ಟೆಯನ್ನೂ ತಿನ್ನದವರು ಬೇಳೆ ಮತ್ತು ಸೋಯಾ ಪದಾರ್ಥಗಳನ್ನು ಹೆಚ್ಚಿಸಿಕೊಳ್ಳಬಹುದು.

ಆದರೆ ಹಸಿವೇ ಇಲ್ಲದವರ ಮುಂದೆ ಇಷ್ಟನ್ನೂ ಮೂರು ಹೊತ್ತಿನಲ್ಲಿ ಇಟ್ಟರೆ ನೋಡಿದ ಕೂಡಲೇ ಮುಖ ತಿರುಗಿಸುತ್ತಾರೆ. ಎರಡು ಎರಡೂವರೆ ಗಂಟೆಗೊಮ್ಮೆ, ಸಣ್ಣ ಬಟ್ಟಲಿನಲ್ಲಿ, ಹಸಿವಿಗಾಗಿ ಕಾಯದೆ ಗಡಿಯಾರ ನೋಡಿ ಕೊಡಿ. ಅನೇಕರಿಗೆ ಬೆಳಗಿನ ಹೊತ್ತು ಊಟ ಚೆನ್ನಾಗಿ ಸೇರುತ್ತದೆ. ನಿಮ್ಮ ತಾಯಿಯವರೂ ಹಾಗಿದ್ದರೆ ದಿನದ ದೊಡ್ಡ ಊಟವನ್ನು ಆಗಲೇ ಮುಗಿಸಿಬಿಡಿ. ನೀರನ್ನು ಊಟದ ನಡುವೆ ಗುಟುಕಿಗೆ ಸೀಮಿತಗೊಳಿಸಿ, ಉಳಿದದ್ದನ್ನು ಊಟಗಳ ನಡುವಿನ ಸಮಯದಲ್ಲಿ ಕುಡಿಯಲಿ. ತಿನ್ನುವ ನಾಲ್ಕು ತುತ್ತಿನಲ್ಲೇ ಸತ್ವವನ್ನು ಹೆಚ್ಚಿಸುವುದು ಅಡುಗೆ ಮಾಡುವವರ ಕೈಯಲ್ಲಿದೆ: ಗಂಜಿಯನ್ನು ನೀರಿನ ಬದಲು ಹಾಲಿನಲ್ಲಿ ಬೇಯಿಸಬಹುದು, ಹಾಲಿಗೆ ಎರಡು ಚಮಚ ಹಾಲಿನ ಪುಡಿ ಕದಡಬಹುದು, ಸಾರಿಗೆ ಮೊಟ್ಟೆಯನ್ನು ಒಡೆದು ಹಾಕಿ ಚೆನ್ನಾಗಿ ಕುದಿಸಬಹುದು, ಬೆಂದ ತರಕಾರಿಗೆ ಬೆಣ್ಣೆ ಅಥವಾ ಎಣ್ಣೆ ಸೇರಿಸಬಹುದು. ಒಂದು ಚಮಚ ಎಣ್ಣೆ ಯಾವ ಗಾತ್ರವನ್ನೂ ಹೆಚ್ಚಿಸದೆ ಸುಮಾರು 40 ಕ್ಯಾಲೊರಿ ಕೊಡುತ್ತದೆ. ಇದೇ ಲೆಕ್ಕದಲ್ಲಿ ಬೆಳಗಿನ ಸೊಪ್ಪಿನ ರಸವನ್ನು ನಿಲ್ಲಿಸಿ ಎಂದು ಸಲಹೆ ಮಾಡುತ್ತೇನೆ. ಅದರಲ್ಲಿ ವಿಷವೇನೂ ಇಲ್ಲ, ಆದರೆ ದಿನದಲ್ಲಿ ಊಟ ಚೆನ್ನಾಗಿ ಸೇರುವ ಹೊತ್ತನ್ನು ಅದು ಕ್ಯಾಲೊರಿಯೂ ಪ್ರೋಟೀನೂ ಇಲ್ಲದ ದ್ರವದಿಂದ ತುಂಬಿಸಿಬಿಡುತ್ತದೆ. ಸೊಪ್ಪನ್ನು ಬೇಯಿಸಿ ಊಟದ ಜೊತೆ ಸ್ವಲ್ಪವೇ ಕೊಟ್ಟರೆ ಸಾಕು.

ಕಬ್ಬಿಣದ ರುಚಿ ಔಷಧದಿಂದ ಬರುವಂಥದ್ದು. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಕ್ರಮೇಣ ಹೋಗುತ್ತದೆ. ಅಲ್ಲಿಯವರೆಗೆ ಲೋಹದ ಚಮಚ, ತಟ್ಟೆಗಳ ಬದಲು ಮರ, ಪಿಂಗಾಣಿ ಅಥವಾ ಪ್ಲಾಸ್ಟಿಕ್ಕಿನವನ್ನು ಬಳಸಿ ನೋಡಿ. ಬಾಯಲ್ಲಿ ಹುಣ್ಣಿಲ್ಲದಿದ್ದರೆ ಸ್ವಲ್ಪ ಹುಳಿ ಈ ರುಚಿಯನ್ನು ಮರೆಸುತ್ತದೆ. ಊಟಕ್ಕೆ ಮೊದಲು ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರರ್ಧ ಉಪ್ಪು ಬೆರೆಸಿ ಬಾಯಿ ಮುಕ್ಕಳಿಸಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೀಮೋಥೆರಪಿಗೆ ಸ್ವಲ್ಪ ಮೊದಲು ಹೊಸ ರುಚಿಯ ಐಸ್‌ಕ್ರೀಂ ತಿಂದ ಮಕ್ಕಳು ಮುಂದೆ ಅದೇ ಐಸ್‌ಕ್ರೀಮನ್ನು ಬೇಡವೆನ್ನತೊಡಗಿದರು, ಏಕೆಂದರೆ ಔಷಧದಿಂದ ಬಂದ ವಾಕರಿಕೆಯನ್ನು ಮನಸ್ಸು ಆ ರುಚಿಗೆ ಗಂಟುಹಾಕಿತ್ತು. ಆದ್ದರಿಂದ ಡ್ರಿಪ್‌ನ ದಿನ ಅವರಿಗೆ ಪ್ರಿಯವಾದ ತಿಂಡಿಯನ್ನು ಮಾಡಿಕೊಡುವ ಪ್ರೀತಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಆ ದಿನ ಸಪ್ಪೆಯಾದ, ಹಗುರವಾದ ಊಟ ಸಾಕು.

ಕೀಮೋಥೆರಪಿಯ ಬಗೆಗಿನ ಬಹುತೇಕ ಕೈಪಿಡಿಗಳಲ್ಲಿ ವಾಕರಿಕೆಗೂ ಬಾಯಿಹುಣ್ಣಿಗೂ ತಣ್ಣನೆಯ ಪದಾರ್ಥ, ಐಸ್ ಚೂರು ಒಳ್ಳೆಯದೆಂದು ಬರೆದಿರುತ್ತದೆ. ಬೇರೆ ಔಷಧಗಳಿಗೆ ಆ ಮಾತು ಸರಿಯೇ. ನಿಮ್ಮ ತಾಯಿಯವರು ಮಾತ್ರ ಅದನ್ನು ಅನುಸರಿಸಬಾರದು. ಆಕ್ಸಾಲಿಪ್ಲಾಟಿನ್ ನರಗಳನ್ನು ಚಳಿಗೆ ಅತಿಸೂಕ್ಷ್ಮವಾಗಿಸುತ್ತದೆ. ಡ್ರಿಪ್ ಹಾಕಿದ ಮೊದಲ ಕೆಲವು ದಿನ ತಣ್ಣೀರಿನ ಒಂದು ಗುಟುಕು ಗಂಟಲಿನಲ್ಲಿ ಮುಳ್ಳಿನಂತೆ ಚುಚ್ಚಬಹುದು, ಉಸಿರೇ ಸಿಕ್ಕಿಕೊಂಡಂತೆ ಅನಿಸಬಹುದು. ಫ್ರಿಜ್‌ನಿಂದ ಬಾಟಲಿ ತೆಗೆದರೆ ಬೆರಳುಗಳು ಜುಮ್ಮೆನ್ನುತ್ತವೆ. ಉಸಿರು ಸಿಕ್ಕಿದಂತಾಗುವುದು ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ. ನಿಜವಾಗಿ ಉಸಿರಾಟ ಕಷ್ಟವಾದರೆ, ಮುಖ ಊದಿದರೆ ಅಥವಾ ಮೈಮೇಲೆ ದದ್ದು ಎದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಈ ದಿನಗಳಲ್ಲಿ ಊಟ, ನೀರು, ಹಣ್ಣು ಎಲ್ಲವೂ ಕೋಣೆಯ ಉಷ್ಣತೆಯಲ್ಲಿ ಅಥವಾ ಉಗುರುಬೆಚ್ಚಗಿರಲಿ, ಫ್ರಿಜ್ಜಿಗೆ ಬೇರೆಯವರು ಕೈ ಹಾಕಲಿ. ಬಿಸಿಬಿಸಿ ಅಡುಗೆಯ ವಾಸನೆಯೇ ವಾಕರಿಕೆ ತರುವುದುಂಟು, ಹೀಗಾಗಿ ಕೋಣೆಯ ಉಷ್ಣತೆಗೆ ಇಳಿದ ಊಟ ಎರಡೂ ಕಡೆಯಿಂದ ಅನುಕೂಲ. ವಾಂತಿ ತಡೆಯುವ ಮಾತ್ರೆಯನ್ನು ವಾಕರಿಕೆ ಬಂದ ಮೇಲೆ ಹುಡುಕುವ ಬದಲು ವೈದ್ಯರು ಹೇಳಿದ ವೇಳೆಗೆ ಕೊಡಿ. ಒಂಡಾನ್ಸೆಟ್ರಾನ್‌ನಂಥ ಮಾತ್ರೆಗಳು ಮಲಬದ್ಧತೆ ತರುತ್ತವೆ ಎಂಬುದೂ ನೆನಪಿರಲಿ.

ಕೆಪೆಸಿಟಬೀನ್‌ಗೂ ಊಟಕ್ಕೂ ನೇರ ಸಂಬಂಧವಿದೆ. ಅದನ್ನು ಬೆಳಗಿನ ಮತ್ತು ರಾತ್ರಿಯ ಊಟ ಮುಗಿದ 30 ನಿಮಿಷದೊಳಗೆ ನೀರಿನ ಜೊತೆ ನುಂಗಬೇಕು, ಎರಡರ ನಡುವೆ ಸುಮಾರು 12 ಗಂಟೆಗಳ ಅಂತರವಿರಬೇಕು. ಇಲ್ಲಿಯೇ ನಿಮ್ಮ ಮಲ್ಟಿವಿಟಮಿನ್ ಮಾತ್ರೆಯ ಬಗ್ಗೆ ಎಚ್ಚರಿಸಬೇಕಾಗಿದೆ. ಅಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫೋಲಿಕ್ ಆಮ್ಲ ಇರುತ್ತದೆ, ಮತ್ತು ಫೋಲಿಕ್ ಆಮ್ಲವು ಕೆಪೆಸಿಟಬೀನ್‌ನ ವಿಷಪರಿಣಾಮವನ್ನು, ಅಂದರೆ ಭೇದಿ, ಬಾಯಿಹುಣ್ಣುಗಳನ್ನು ಹೆಚ್ಚಿಸಬಲ್ಲದು. ಸೊಪ್ಪು, ಬೇಳೆಗಳಲ್ಲಿ ಸಹಜವಾಗಿರುವ ಇದೇ ವಿಟಮಿನ್ನಿಗೆ, ಅಂದರೆ ಫೋಲೇಟ್‌ಗೆ, ಹೆದರಬೇಕಿಲ್ಲ. ತೊಡಕಿರುವುದು ಮಾತ್ರೆಯ ರೂಪದಲ್ಲಿ. ಡಬ್ಬಿಯನ್ನು ವೈದ್ಯರಿಗೆ ತೋರಿಸುವವರೆಗೆ ಅದನ್ನು ಕೊಡಬೇಡಿ.

ಗಿಡಮೂಲಿಕೆ ಕ್ಯಾಪ್ಸೂಲ್‌ಗೂ ಇದೇ ಮಾತು ಅನ್ವಯಿಸುತ್ತದೆ. ಕ್ಯಾನ್ಸರ್ ಔಷಧಗಳನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಕೆಲವು ಸಸ್ಯಸಾರಗಳು ತಡೆಯುತ್ತವೆ, ಕೆಲವು ಚುರುಕುಗೊಳಿಸುತ್ತವೆ. ಮೊದಲನೆಯದರಲ್ಲಿ ಔಷಧ ಅತಿಯಾಗುತ್ತದೆ, ಎರಡನೆಯದರಲ್ಲಿ ಸಾಲದಾಗುತ್ತದೆ. ದ್ರಾಕ್ಷಿಹಣ್ಣಿನ ಹೆಸರು ಹೊತ್ತರೂ ಕಿತ್ತಳೆಯ ಜಾತಿಗೆ ಸೇರಿದ ಗ್ರೇಪ್‌ಫ್ರೂಟ್‌ನ ರಸವನ್ನು ಇಮ್ಯಾಟಿನಿಬ್‌ನಂಥ ಹಲವು ಕ್ಯಾನ್ಸರ್ ಮಾತ್ರೆಗಳೊಂದಿಗೆ ಕುಡಿಯಬಾರದೆನ್ನುವುದು ಇದೇ ಕಾರಣಕ್ಕೆ. ವಿಟಮಿನ್ ಎಂದ ಮಾತ್ರಕ್ಕೆ ನಿರಪಾಯ ಎಂಬ ನಂಬಿಕೆಯೂ ಪರೀಕ್ಷೆಯಲ್ಲಿ ನಿಂತಿಲ್ಲ: ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಪುರುಷರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕೆರೋಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಕೊರತೆ ಇದೆಯೆಂದು ರಕ್ತಪರೀಕ್ಷೆ ತೋರಿಸಿ ವೈದ್ಯರು ಬರೆದುಕೊಟ್ಟರೆ ಆ ಮಾತು ಬೇರೆ.

ಭೇದಿ ಈ ಔಷಧಗಳ ಸಾಮಾನ್ಯ ಪರಿಣಾಮ, ಮತ್ತು ಕರುಳಿನ ಒಂದು ಭಾಗವನ್ನು ತೆಗೆದವರಿಗೆ ಇನ್ನೂ ಬೇಗ ಆಗುತ್ತದೆ. ಆ ದಿನಗಳಲ್ಲಿ ಹಸಿ ತರಕಾರಿ, ಕಾಳಿನ ಸಿಪ್ಪೆ, ಕರಿದ ಪದಾರ್ಥ, ಖಾರವನ್ನು ಬಿಟ್ಟು ಮೆತ್ತಗಿನ ಅನ್ನ, ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಸಿಪ್ಪೆ ತೆಗೆದು ಬೇಯಿಸಿದ ಸೇಬು ಕೊಡಿ. ನೀರಿನ ಜೊತೆ ಲವಣವೂ ಹೋಗುವುದರಿಂದ ಓಆರ್‌ಎಸ್ ಕೊಡುವುದು ಬರಿಯ ನೀರಿಗಿಂತ ಉತ್ತಮ. ಹಾಲು ಕುಡಿದ ಕೂಡಲೇ ಹೊಟ್ಟೆ ಉಬ್ಬರಿಸಿ ಭೇದಿಯಾದರೆ ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗುತ್ತಿಲ್ಲ ಎಂದು ತಿಳಿದು ಹಾಲನ್ನು ಕೆಲವು ದಿನ ನಿಲ್ಲಿಸಿ ಮೊಸರನ್ನು ಕೊಟ್ಟು ನೋಡಿ.

ಸೋಂಕಿನ ಭಯದಿಂದ ಎಲ್ಲ ಹಸಿ ಹಣ್ಣುಗಳನ್ನೂ ನಿಷೇಧಿಸುವ ಹಳೆಯ ಪದ್ಧತಿಯಿಂದ ಸೋಂಕು ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಡುಗೆಮನೆಯ ಶುಚಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಹಣ್ಣನ್ನು ಹರಿಯುವ ನೀರಿನಲ್ಲಿ ತೊಳೆದು ಸಿಪ್ಪೆ ತೆಗೆಯಿರಿ, ಮೊಟ್ಟೆಯ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ, ಕಾಯಿಸದ ಹಾಲು ಬೇಡ, ಮಾಡಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ಮತ್ತೆ ಬಿಸಿ ಮಾಡುವಾಗ ಹಬೆಯಾಡುವಷ್ಟು ಕಾಯಿಸಿ, ಆಮೇಲೆ ಉಗುರುಬೆಚ್ಚಗಾಗಲು ಬಿಟ್ಟು ಕೊಡಿ.

ತಿಂದ ಪ್ರೋಟೀನ್ ಸ್ನಾಯುವಾಗಿ ಉಳಿಯಬೇಕಾದರೆ ಆ ಸ್ನಾಯುವಿಗೆ ಕೆಲಸವೂ ಬೇಕು. ವೈದ್ಯರ ಅಡ್ಡಿಯಿಲ್ಲದಿದ್ದರೆ ದಿನಕ್ಕೆ ಎರಡು ಮೂರು ಬಾರಿ ಮನೆಯೊಳಗೇ ನಡೆದಾಡಲಿ, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಆದಷ್ಟು ಸಲ ಮಾಡಲಿ. ಹಾಸಿಗೆಯಲ್ಲೇ ಇದ್ದರೆ ಒಳ್ಳೆಯ ಊಟವೂ ಅರ್ಧ ವ್ಯರ್ಥ.

ನೀವು ಕೇಳದಿದ್ದರೂ ಒಂದು ಮಾತು. ಇಂಥ ಮನೆಗಳಲ್ಲಿ ಊಟದ ಹೊತ್ತು ಜಗಳದ ಹೊತ್ತಾಗಿಬಿಡುತ್ತದೆ. “ಇನ್ನೊಂದು ತುತ್ತು” ಎಂದು ಒತ್ತಾಯಿಸುವವರಿಗೆ ಅದು ಪ್ರೀತಿಯಾಗಿ ಕಾಣುತ್ತದೆ, ತಿನ್ನುವವರಿಗೆ ಅದು ಶಿಕ್ಷೆ. ಬೇಡವೆಂದಾಗ ತಟ್ಟೆಯನ್ನು ತೆಗೆದುಬಿಡಿ, ಒಂದು ಗಂಟೆಯ ನಂತರ ಬೇರೆ ಏನನ್ನಾದರೂ ಸಣ್ಣ ಬಟ್ಟಲಲ್ಲಿ ತನ್ನಿ. ಹಸಿವಿಲ್ಲದಿರುವುದು ಅವರ ಹಟದಿಂದಲ್ಲ. ಇಷ್ಟಾದರೂ ಬೇಕಾದದ್ದರ ಅರ್ಧದಷ್ಟೂ ಸೇರದ ಸ್ಥಿತಿ ವಾರವಿಡೀ ಮುಂದುವರಿದರೆ ಆಹಾರತಜ್ಞರು ಕ್ಯಾಲೊರಿ, ಪ್ರೋಟೀನ್ ತುಂಬಿದ ಸಿದ್ಧ ಪೌಷ್ಟಿಕ ಪಾನೀಯವನ್ನೋ ಕೆಲವು ಕಾಲ ಟ್ಯೂಬ್ ಮೂಲಕ ಆಹಾರವನ್ನೋ ಸೂಚಿಸಬಹುದು. ಟ್ಯೂಬ್ ಎಂದರೆ ಕೊನೆಯ ಹಂತ ಎಂದು ಭಾವಿಸುವವರು ಬಹಳ. ಎಷ್ಟೋ ರೋಗಿಗಳಿಗೆ ಅದು ಚಿಕಿತ್ಸೆ ಮುಗಿಯುವವರೆಗಿನ ಏರ್ಪಾಡು ಮಾತ್ರ. ಹಲವು ದಿನ ಏನೂ ತಿನ್ನದವರಿಗೆ ಒಮ್ಮೆಲೇ ತುಂಬಾ ಉಣಿಸುವುದೂ ರಕ್ತದ ಲವಣಗಳನ್ನು ಅಪಾಯಕಾರಿಯಾಗಿ ಏರುಪೇರು ಮಾಡುವುದರಿಂದ, ಆ ಹಂತ ಬಂದರೆ ವೈದ್ಯರ ಮೇಲ್ವಿಚಾರಣೆಯಲ್ಲೇ ಹೆಚ್ಚಿಸಬೇಕು.

ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ದೇಹದ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹಗಲು ರಾತ್ರಿ ನೋಡದೆ ಆಸ್ಪತ್ರೆಗೆ ತಿಳಿಸಿ. ಒಂದು ದಿನದಲ್ಲಿ ಎಂದಿನದಕ್ಕಿಂತ ನಾಲ್ಕು ಸಲ ಜಾಸ್ತಿ ಭೇದಿಗೆ ಹೋಗಬೇಕಾದರೆ, ತಿನ್ನಲಾಗದಷ್ಟು ಬಾಯಿಹುಣ್ಣಾದರೆ ಅಥವಾ ಒಂದು ದಿನವಿಡೀ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮುಂದಿನ ಕೆಪೆಸಿಟಬೀನ್ ಮಾತ್ರೆ ನುಂಗುವ ಮೊದಲೇ ಚಿಕಿತ್ಸಾ ತಂಡಕ್ಕೆ ಫೋನ್ ಮಾಡಿ. ಮುಂದಿನ ಡ್ರಿಪ್‌ಗೆ ಹೋಗುವಾಗ ಈ ತೂಕದ ಪಟ್ಟಿಯನ್ನೂ ಮನೆಯಲ್ಲಿರುವ ಎಲ್ಲ ಮಾತ್ರೆ, ಕ್ಯಾಪ್ಸೂಲ್ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಆಸ್ಪತ್ರೆಯ ಆಹಾರತಜ್ಞರನ್ನು ಭೇಟಿ ಮಾಡಿಸಿ ಎಂದು ವೈದ್ಯರನ್ನು ಕೇಳಿ.